ಮೊಳೆ ಇಲ್ಲದ ಮನೆಯಲ್ಲಿ ನನ್ನ ಮೂಲೆ

ಸರ್ಕಾರ ಸಂರಕ್ಷಿಸಿರುವ ಮನೆಯಲ್ಲಿ ಗೋಡೆಗೆ ರಕ್ಷಣೆ ಇದೆ, ಕಿಟಕಿಗೆ ರಕ್ಷಣೆ ಇದೆ, ಗಂಡನಿಗೆ ಮಾತ್ರ ಇಲ್ಲ. ಇದು ನನ್ನ ದೂರು.

ಫ್ರಾನ್ಸಿನ ಆಲ್ಸಾಸ್ ಸೀಮೆಯ ಒಂದು ಪುಟ್ಟ ಊರಿನಲ್ಲಿ, ಹಿಂದೆ ಚರ್ಮ ಹದ ಮಾಡುವವರಿದ್ದ ಬೀದಿಯಲ್ಲಿದೆ ನಮ್ಮ ಮನೆ. ನಾನೂರು ವರ್ಷ ದಾಟಿದೆ. ಕೆಳಗೆ ಕೆಂಪು ಕಲ್ಲು, ಮೇಲೆಲ್ಲ ಓಕ್ ಮರದ ಚೌಕಟ್ಟು, ನಡುನಡುವೆ ಹುಲ್ಲು ಕಲಸಿದ ಜೇಡಿಮಣ್ಣು. ಮೊದಲ ಮಹಡಿಯಲ್ಲಿ ಬೀದಿಯ ಮೇಲೆ ಹೊಟ್ಟೆ ಚಾಚಿಕೊಂಡ (ನನ್ನ ಹಾಗೆಯೇ) ಒಂದು ಕಿಟಕಿಗೂಡು. ಅದಕ್ಕೂ ನಡುಮನೆಗೂ ಮಧ್ಯೆ ಒಂದು ಹಲಗೆಯ ಅಡ್ಡಗೋಡೆ. ಅದರ ಹಿಂದಿರುವುದೇ ನನ್ನ ಸಾಮ್ರಾಜ್ಯ: ಕುರ್ಚಿ, ಒಂದು ಲೋಟ ರೀಸ್ಲಿಂಗ್ ವೈನ್, ಊಟದ ಮೇಲಿನ ನಿದ್ದೆ.

ಈ ಸಾಮ್ರಾಜ್ಯದ ಮೇಲೆ ನನ್ನ ಹೆಂಡತಿ ಓಡಿಲ್‌ಳ ಕಣ್ಣು ಬಿತ್ತು.

"ರೀ, ಆ ಹಲಗೆ ಕಿತ್ತು ಹಾಕಿಸಿ. ನಡುಮನೇಲಿ ಹಗಲಲ್ಲೇ ಕತ್ತಲೆ. ನಿನ್ನೆ ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕಿದ್ದೆ."

"ಹೌದಾ? ದಿನಾ ಇರೋ ಹಾಗೇ ಇತ್ತಲ್ಲ!"

"ಮಾತು ಮರೆಸ್ಬೇಡಿ."

"ಓಡಿಲ್, ಇದು ಸಂರಕ್ಷಿತ ಮನೆ ಕಣೇ. ಒಂದು ಚಕ್ಕೆ ಅಲ್ಲಾಡಿಸೋಕೂ ಇಲಾಖೆಯೋರು ಒಪ್ಪಲ್ಲ."

ಈ ಬ್ರಹ್ಮಾಸ್ತ್ರ ನನ್ನನ್ನು ಎಂದೂ ಕೈಬಿಟ್ಟಿರಲಿಲ್ಲ. ಸೋರುವ ನಲ್ಲಿ, ಕಿರುಗುಟ್ಟುವ ಮೆಟ್ಟಿಲು, ಮುಚ್ಚಿಕೊಳ್ಳದ ಬಾಗಿಲು, ಎಲ್ಲಕ್ಕೂ ಅದನ್ನೇ ಬಿಟ್ಟು ಬದುಕಿದವನು ನಾನು. ಆದರೆ ಈ ಸಲ ಓಡಿಲ್ ಇಲಾಖೆಯವರನ್ನೇ ಮನೆಗೆ ಕರೆದಳು. (ಜತೆಗೆ ಬಾದಾಮಿ ಹಾಕಿ ಕೂಗ್ಲೋಫ್ ಕೇಕನ್ನೂ ಮಾಡಿದಳು. ಅದಕ್ಕೆ ಲಂಚ ಎನ್ನಬಾರದು, ಅತಿಥಿ ಸತ್ಕಾರ ಎನ್ನಬೇಕು.)

ಬಂದವರು ರಿಟ್ಲಿಂಗ್ ಸಾಹೇಬರು. ಪ್ರವಾಸಿಗರಿಗೆ ಬಿಟ್ಟಿಯಾಗಿ ಮಾಡುವ ಭಾಷಣವನ್ನು ನಾನು ಅವರಿಗೂ ಶುರು ಮಾಡಿದೆ. ಹಳೆಯ ಮನೆಯ ಮೇಲೆ ನನಗಿರುವ ಭಕ್ತಿ ಕಂಡು ಅವರು ಕರಗಿಹೋಗಬೇಕು, ಅದು ನನ್ನ ಲೆಕ್ಕಾಚಾರ.

"ನೋಡಿ ಸಾರ್, ಒಂದೊಂದು ತೊಲೆ ಮೇಲೂ ಬಡಗಿ ಕೆತ್ತಿದ ಗುರುತಿದೆ. ಬೇರೆ ಕಡೆ ಕೊಯ್ದು, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದ್ದು. ಎಲ್ಲಾ ಮರದ ಗೂಟ. ಇಡೀ ಮನೆ ಜಾಲಾಡಿದ್ರೂ ಒಂದು ಕಬ್ಬಿಣದ ಮೊಳೆ ಸಿಕ್ಕಲ್ಲ!"

"ಭೇಷ್!" ಎಂದು ಸಾಹೇಬರು ಮೆಚ್ಚಿ, ನನ್ನ ಅಡ್ಡಗೋಡೆಗೆ ಒರಗಿದರು. ಪರ್ರ್ ಎಂದು ಸದ್ದಾಯಿತು. ಅವರ ಕೋಟಿನ ತೋಳು ಮೊಳೆಗೆ ಸಿಕ್ಕಿಕೊಂಡಿತ್ತು.

ಸಾಹೇಬರು ಕೋಟನ್ನು ನೋಡಲಿಲ್ಲ, ಮೊಳೆಯನ್ನು ನೋಡಿದರು.

"ಇದಕ್ಕೆ ಗುರುತೂ ಇಲ್ಲ, ಗೂಟಾನೂ ಇಲ್ಲ. ವೈನ್ ಪೆಟ್ಟಿಗೆ ಹಲಗೆ ಇದು! ಯಾರು ಹೊಡೆದಿದ್ದು?"

"ನಮ್ಮ ತಾತ," ಎಂದೆ ಮೆಲ್ಲಗೆ.

"ಯಾಕೆ?"

"ಈ ಮನೆ ಗಂಡಸರಿಗೆ ಹೆಂಡ್ತಿ ಮಾತು ಕಿವಿಗೆ ಬೀಳ್ಬಾರ್ದು ಸಾರ್, ಅದಕ್ಕೆ," ಎಂದಳು ಓಡಿಲ್, ಕೇಕು ಕೊಯ್ಯುತ್ತಾ.

"ಹಾಗಾದ್ರೆ ತೆಗೀಲೇಬೇಕು," ಎಂದು ತೀರ್ಪಾಯಿತು.

ನಾನೇ ಹಲಗೆ ಕಿತ್ತೆ. ತಾತನ ಮೊಳೆಗಳು ಬರುವಾಗ ಪಕ್ಕದ ಗೋಡೆಯ ಮಣ್ಣನ್ನೂ ಉದುರಿಸಿಕೊಂಡೇ ಬಂದವು. ಸಿಮೆಂಟು ಮೆತ್ತೋಣವೆಂದರೆ ಸಾಹೇಬರು ಹೌಹಾರಿದರು.

"ಛೆ ಛೆ! ಜೇಡಿಮಣ್ಣಿಗೆ ಹುಲ್ಲು ಹಾಕಿ ಹಳೇ ಕ್ರಮದಲ್ಲೇ ಕಲಸ್ಬೇಕು. ಕಾಲಲ್ಲಿ ತುಳಿದ್ರೇನೇ ಹದ ಬರೋದು."

"ಅದರ ಚಿಂತೆ ಬಿಡಿ ಸಾರ್," ಎಂದಳು ಓಡಿಲ್. "ನಮ್ಮನೆಯವ್ರು ಬಿಡುವಾಗೇ ಇದ್ದಾರೆ."

ನಮಗೆ ಅಂಗಳವಿಲ್ಲ. ಹಾಗಾಗಿ ಮನೆಯ ಮುಂದೆ, ಬೀದಿಯ ಬದಿಯಲ್ಲೇ, ಪ್ಯಾಂಟನ್ನು ಮೊಣಕಾಲಿಗೇರಿಸಿ ತಣ್ಣಗೆ ಕೊರೆಯುವ ಕೆಸರು ತುಳಿಯುತ್ತಿದ್ದೇನೆ. ಪ್ರವಾಸಿಗರು ಫೋಟೋ ತೆಗೆಯುತ್ತಿದ್ದಾರೆ. ಮೇಲೆ ಕಿಟಕಿಗೂಡಿನಲ್ಲಿ, ನನ್ನ ಕುರ್ಚಿಯಲ್ಲಿ, ನನ್ನ ರೀಸ್ಲಿಂಗ್ ಹಿಡಿದು ಕೂತ ಓಡಿಲ್ ಅವರಿಗೆ ನನ್ನದೇ ಭಾಷಣ ಒಪ್ಪಿಸುತ್ತಿದ್ದಾಳೆ.

"ಈ ಕೆಸರಲ್ಲಿರೋರು ಯಾರಮ್ಮಾ?" ಎಂದು ಯಾರೋ ಕೇಳಿದರು.

"ಮನೆ ಜತೆಗೇ ಬಂದಿದ್ದು," ಎಂದಳು. "ತೆಗೆಸೋಣ ಅಂದ್ರೆ ಇಲಾಖೆಯೋರು ಒಪ್ಪಲ್ಲ."