ವಾರಂಟ್ ತೋರ್ಸಿ ಸಾರ್!

ಇದು ನಡೆದದ್ದೇ ಸ್ವಾಮಿ. ಸುಳ್ಳಾದರೆ ನನ್ನ ಬಾಯಲ್ಲಿ ಉಳಿದಿರುವ ಆರು ಹಲ್ಲೂ ಈಗಲೇ ಉದುರಿಹೋಗಲಿ.

ಬೀಗ ರಿಪೇರಿ ಮಾಡುವ ಬೀಗದಣ್ಣನ ಬಾಡಿಗೆ ಮನೆ ಖಾಲಿ ಮಾಡಿಸಲು ಕೋರ್ಟಿನ ಆರ್ಡರ್ ಆಗಿತ್ತು. ಬೇರೆ ಮನೆ ಗೊತ್ತು ಮಾಡಿಯಾಗಿತ್ತು, ಆದರೆ ಅದು ಕೈಗೆ ಸಿಗಲು ಇನ್ನೂ ಎರಡು ತಿಂಗಳು. ಆ ಎರಡು ತಿಂಗಳಿಗಾಗಿ ಅವನ ಹೆಂಡತಿ ಮಾಲೀಕನ ಮುಂದೆ ಕೈಮುಗಿದು ಮುಗಿದು ಸೋತಿದ್ದಳು.

ಬೆಳಿಗ್ಗೆಯೇ ಪಕ್ಕದ ಮನೆಯ ಕಾನೂನು ಮಾವ ಓಡಿಬಂದ. ಕೋರ್ಟಿನಲ್ಲಿ ಮೂವತ್ತು ವರ್ಷ ಜವಾನನಾಗಿದ್ದು, ಬಾಗಿಲಾಚೆ ನಿಂತೇ ಅರ್ಧ ಕಾನೂನು ಕುಡಿದವನು.

“ಅಳಿಯಾ, ಖಾಲಿ ಮಾಡ್ಸೋ ಆರ್ಡರ್ ಬೇರೆ, ಮನೆ ಹುಡುಕೋ ವಾರಂಟ್ ಬೇರೆ. ಪೊಲೀಸ್ರು ಬರೋದು ಬರೀ ಕಾವಲಿಗೆ. ಒಂದು ಡಬ್ಬಿ ಮುಚ್ಚಳಾನೂ ಎತ್ತೋ ಹಾಗಿಲ್ಲ!”

ಹನ್ನೊಂದಕ್ಕೆ ಆರ್ಡರ್ ಜಾರಿ ಮಾಡುವ ಕೋರ್ಟಿನ ಅಮೀನ ಬಂದ, ಹಿಂದೆ ಇನ್ಸ್‌ಪೆಕ್ಟರ್. ಇನ್ಸ್‌ಪೆಕ್ಟರ್ ನೆಟ್ಟಗೆ ಹೋಗಿ ಕಬ್ಬಿಣದ ಪೆಟ್ಟಿಗೆಯ ಮುಂದೆ ನಿಂತ.

“ಇದ್ರಲ್ಲೇನಿದೆ?”

“ಹಳೇ ಬೀಗದಕೈ ಸಾರ್. ನಾಲ್ಕೈದು ಸಾವಿರ ಇರ್ಬೋದು.”

“ಅಷ್ಟೊಂದಾ! ಅನುಮಾನ ಬರುತ್ತಪ್ಪ. ತೆಗಿ, ನೋಡೋಣ.”

“ವಾರಂಟ್ ತೋರ್ಸಿ ಸಾರ್!”

ಕಿಟಕಿಗೆ ಜೋತುಬಿದ್ದಿದ್ದ ಓಣಿಯ ಜನ ಚಪ್ಪಾಳೆ ತಟ್ಟಿದರು. ಬೀಗದಣ್ಣನ ಎದೆ ಪಂಪು ಹೊಡೆದ ಸೈಕಲ್ ಟ್ಯೂಬಿನಂತೆ ಉಬ್ಬಿತು.

ಇನ್ಸ್‌ಪೆಕ್ಟರ್ ಕಣ್ಣು ಮಿಟುಕಿಸಿದ. “ನೀನಾಗೇ ಒಪ್ಕೊಂಡ್ರೆ ವಾರಂಟ್ ಬೇಕಿಲ್ಲ.”

“ಒಪ್ಪಲ್ಲ!”

“ರೀ, ತೋರ್ಸಿಬಿಡಿ,” ಎಂದಳು ಹೆಂಡತಿ. “ತುಕ್ಕು ಬಿಟ್ರೆ ಅದ್ರಲ್ಲೇನಿದೆ?”

“ಸುಮ್ನಿರೇ, ಇದು ಹಕ್ಕಿನ ಮಾತು!”

ಇನ್ಸ್‌ಪೆಕ್ಟರ್ ಮೆಲ್ಲಗೆ ಅವನ ಕಾಲು ತುಳಿದ.

“ಅಯ್ಯಯ್ಯೋ, ತುಳೀತಾರೆ ನೋಡಿ!”

“ಸಾಕ್ಷಿಗೆ ನಾನಿದೀನಿ ಅಳಿಯಾ!” ಎಂದು ಮಾವ ಕಿಟಕಿಯಿಂದ ಕೂಗಿದ.

ಇನ್ಸ್‌ಪೆಕ್ಟರ್ ನಿಟ್ಟುಸಿರು ಬಿಟ್ಟು ‘ಏನನ್ನೂ ಹುಡುಕಿಲ್ಲ’ ಎಂದು ಬರೆದು ಸಹಿ ಹಾಕಿ ಕೊಟ್ಟ. ಓಣಿಯಲ್ಲಿ ಜಯಕಾರ! ಗೆದ್ದೆತ್ತಿನ ಬಾಲ ಹಿಡಿಯುವ ಜನ ಒಳಗೆ ನುಗ್ಗಿ, ಗೆದ್ದವನ ಮಂಚ, ಪಾತ್ರೆ, ಪೆಟ್ಟಿಗೆ ಎಲ್ಲವನ್ನೂ ತಾವೇ ಹೊತ್ತು ಬೀದಿಗಿಟ್ಟರು. ನಾಲ್ಕು ಗಂಟೆಯೊಳಗೆ ಮನೆ ಬೋಳು. ಅಮೀನ ತಂದಿದ್ದ ಹೊಸ ಬೀಗ ಚಿಲಕಕ್ಕೆ ಕೂರಲಿಲ್ಲ. ಕಸುಬು ನೋಡಿ, ಕೈ ಸುಮ್ಮನಿರಬೇಕಲ್ಲ! ಬೀಗದಣ್ಣನೇ ಚಿಲಕ ಉಜ್ಜಿ, ಬೀಗ ಕೂರಿಸಿಕೊಟ್ಟ. ಅಮೀನ ಮೇಲೆ ಅರಗಿನ ಮುದ್ರೆ ಒತ್ತಿ ಹೊರಟ.

ಜನ ಚೆದುರಿದ ಮೇಲೆ ಇನ್ಸ್‌ಪೆಕ್ಟರ್ ಹತ್ತಿರ ಬಂದ.

“ಅಲ್ಲಯ್ಯಾ ಮಹಾರಾಯ, ನಮ್ಮಮ್ಮ ಬಚ್ಚಲಲ್ಲಿ ಸಿಕ್ಕಾಕೊಂಡಾಗ ಬಾಗಿಲು ತೆಗೆದೋನು ನೀನು. ನಿಂಗೆ ನಾನು ಕೆಟ್ಟದ್ದು ಮಾಡ್ತೀನಾ? ಹುಡುಕೋಕೆ ಬಿಟ್ಟಿದ್ರೆ ಒಂದೊಂದು ಬೀಗದಕೈನೂ ಎಣಿಸಿ ಪಟ್ಟಿ ಬರೀಬೇಕಿತ್ತು. ಅದು ಮುಗಿಯೋವರೆಗೂ ಸಾಮಾನು ಮುಟ್ಟೋ ಹಾಗಿಲ್ಲ, ಅಷ್ಟರಲ್ಲಿ ಸಂಜೆ. ಅಮೀನನ ಆರ್ಡರ್ ಇವತ್ತಿಗೇ ಮುಗೀತಿತ್ತು. ನಾಳೆಯಿಂದ ಕೋರ್ಟಿಗೆ ರಜೆ ಕಣಪ್ಪ.”

“ಎಷ್ಟು ದಿನ ಸಾರ್?”

“ರಜೆ, ಆಮೇಲೆ ಹೊಸ ಆರ್ಡರ್, ಎಲ್ಲಾ ಸೇರಿ ಎರಡು ತಿಂಗಳು.”

ಬೀಗದಣ್ಣ ಪೆಟ್ಟಿಗೆಯ ಮೇಲೆ ಕುಸಿದ. ಎದುರಿಗಿನ ಬೀಗ ತೆಗೆಯುವುದು ಅವನಿಗೆ ಎರಡು ನಿಮಿಷದ ಕೆಲಸ. ಆದರೆ ಮುದ್ರೆ ಒಡೆಯುವ ಬೀಗದಕೈ ಯಾರ ಹತ್ತಿರವೂ ಇಲ್ಲ. ಹೆಂಡತಿ ಮಂಚದ ತುದಿಯಲ್ಲಿ ಕೂತು, ಸಹಿ ಹಾಕಿದ ಕಾಗದವನ್ನು ಮಡಿಚಿ ಮಡಿಚಿ ಬೆರಳಷ್ಟು ಮಾಡುತ್ತಿದ್ದಳು.

ಇನ್ನೂ ಅಲ್ಲೇ ಕೂತಿದ್ದಾರೆ, ಪಾಪ. ಅಂದ ಹಾಗೆ, ನಿಮ್ಮ ಮಹಡಿ ಮೇಲಿನ ಕೋಣೆ ಖಾಲಿ ಇದೆಯಂತಲ್ಲ? ಎರಡೇ ತಿಂಗಳು. ಎಲ್ಲಿ, ಬೀಗದಕೈ ಇತ್ತ ಕೊಡಿ.