ಅಂಗೈಯಗಲದ ಗಾಲಿಗೆ ಆಕಳಷ್ಟು ದೊಡ್ಡ ಯಂತ್ರ

ಬೇರೆಯವರ ಮನೆಯಲ್ಲಿ ಸೂಜಿ ಕಳೆದರೆ ಅಂಗಡಿಗೆ ಹೋಗುತ್ತಾರೆ. ನಮ್ಮ ಮಾಮಾನ ಮನೆಯಲ್ಲಿ ಸೂಜಿ ಕಳೆದರೆ, ಮಾಮಾ ಕಬ್ಬಿಣದ ಗಣಿ ಎಲ್ಲಿದೆ ಎಂದು ವಿಚಾರಿಸುತ್ತಾನೆ. ಬಣ್ಣ ಹಚ್ಚಿ ಹೇಳುತ್ತಿದ್ದೇನೆ ಅಂತ ಅನಿಸಿದರೆ ಸ್ವಲ್ಪ ತಾಳಿ, ನಾನು ಹೇಳುತ್ತಿರುವುದು ಕಡಿಮೆಯೇ ಆಯಿತು ಅಂತ ನೀವೇ ಅನ್ನುತ್ತೀರಿ.

ಈತ ನನ್ನ ತಾಯಿಯ ಅಣ್ಣ. ಸಿಂದಗಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಕನ್ನಡ ಮಾಸ್ತರ ಅಂದಕೂಡಲೆ ನಿಮ್ಮ ಕಣ್ಣ ಮುಂದೆ ಏನೇನು ಬರುತ್ತದೋ ಅದೆಲ್ಲವೂ ಇತ್ತು. ಹೆಗಲಿಗೆ ಚೀಲ, ಬೆರಳಿಗೆ ಸೀಮೆಸುಣ್ಣದ ಪುಡಿ, ಬಾಯಲ್ಲಿ ಹಳಗನ್ನಡ. ಆದರೆ ಆ ಚೀಲದಲ್ಲಿ ಪುಸ್ತಕಕ್ಕಿಂತ ಸ್ಕ್ರೂಡ್ರೈವರುಗಳೇ ಹೆಚ್ಚಿದ್ದವು. ಯಾವುದೇ ಮದುವೆಗೆ ಬಂದರೂ ಮಾಮಾ ವಧೂವರರನ್ನು ನೋಡುವ ಮೊದಲು ಜನರೇಟರ್ ನೋಡಿ ಬರುತ್ತಿದ್ದ. ಇಂಡಿ ಊರಿನಲ್ಲಿ ನನ್ನ ಮದುವೆಯಾದಾಗ ಅಕ್ಕಿಕಾಳು ಹಾಕುವ ಹೊತ್ತಿಗೆ ಸೋದರಮಾವ ಎಲ್ಲಿ ಅಂತ ಎಲ್ಲರೂ ಹುಡುಕಿದರೆ, ಕಲ್ಯಾಣ ಮಂಟಪದ ಹಿಂದೆ ಜನರೇಟರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಅದರ ಸದ್ದಿಗೆ ಕಿವಿಗೊಟ್ಟಿದ್ದ. "ಇದಕ್ಕ ಕಫ ಆಗೇತಿ" ಅಂದ. ತುಸು ಹೊತ್ತಿಗೆ ಜನರೇಟರ್ ಕೆಮ್ಮಿ ನಿಂತೇಬಿಟ್ಟಿತು! ನನಗೆ ತಾಳಿ ಕಟ್ಟಿದ್ದು ಮಬ್ಬುಗತ್ತಲಲ್ಲಿ. ಕಟ್ಟಿದ್ದು ನನ್ನ ಗಂಡನೇ ಎಂದು ನಂಬಿ ಇಷ್ಟು ವರ್ಷ ಸಂಸಾರ ಮಾಡಿಕೊಂಡು ಬಂದಿದ್ದೇನೆ.

ಇನ್ನು ಯಂತ್ರದ ವಿಷಯ. ಅದು ಶುರುವಾದದ್ದು ನಮ್ಮ ಅತ್ತಿಯಿಂದ, ಅಂದರೆ ಮಾಮಾನ ಹೆಂಡತಿಯಿಂದ. ಅತ್ತಿಯ ತವರು ಇಂಗಳೇಶ್ವರ. ಮದುವೆಯಾಗಿ ಬರುವಾಗ ಆಕೆಯ ತಾಯಿ ತಾನು ಹೊಲಿಯುತ್ತಿದ್ದ ಕೈಮಷೀನನ್ನೇ ಕೊಟ್ಟು ಕಳಿಸಿದ್ದಳು. ಬಲಗೈಯಲ್ಲಿ ಹಿಡಿಕೆ ತಿರುವುತ್ತ ಎಡಗೈಯಲ್ಲಿ ಬಟ್ಟೆ ನೂಕುವ ಹಳೇ ಕಾಲದ ಮಷೀನು. ಗಂಡ ಹೋದ ಮೇಲೆ ಆ ತಾಯಿ ಅದರ ಮೇಲೆಯೇ ಊರವರ ಜಂಪರು ಹೊಲಿದು ಮಕ್ಕಳನ್ನು ಬೆಳೆಸಿದವಳು. ನಮ್ಮ ಕಡೆ ಕೂಸು ಹುಟ್ಟಿದರೆ ತಲೆಯಿಂದ ಬೆನ್ನಿನ ತನಕ ಇಳಿಯುವ ಕುಂಚಿಗಿ ಹೊಲಿದು ತೊಡಿಸುತ್ತಾರಷ್ಟೆ. ನಮ್ಮ ಬಳಗದ ಕೂಸುಗಳ ಕುಂಚಿಗಿಯೆಲ್ಲ ಅತ್ತಿಯ ಮಷೀನಿನ ಮೇಲೆಯೇ ಆಗುತ್ತಿದ್ದವು. ನನ್ನದೂ ಅಲ್ಲೇ ಆದದ್ದು.

ಒಂದು ದಿನ ಹಿಡಿಕೆಯ ಒಳಗಿನ ಹಲ್ಲುಗಾಲಿಯ ಹಲ್ಲುಗಳು ಮುರಿದವು. ಅಂಗೈಯಗಲದ ಗಾಲಿ ಅದು. ಮಷೀನು ಮಾಡಿದ ಕಂಪನಿಯೇ ಯಾವಾಗಲೋ ಮಣ್ಣಾಗಿತ್ತು, ಬಿಡಿ ಭಾಗ ಎಲ್ಲಿಂದ ಬರಬೇಕು? ಮಾಮಾ ವಿಜಾಪುರಕ್ಕೆ ಹೋಗಿ ಅಂಥದೇ ಒಂದು ಗಾಲಿ ಮಾಡಿಸಿಕೊಂಡು ಬಂದ. ಗಾಲಿ ಕೂತಿತು, ಮಷೀನು ತಿರುಗಿತು, ಹೊಲಿಗೆಯೂ ಬಿತ್ತು. ಅತ್ತಿ ಎರಡು ಗೇಣು ಹೊಲಿದು ಕೈ ನಿಲ್ಲಿಸಿದಳು.

"ಇದು ನಮ್ಮವ್ವನ ಮಷೀನಿನ ಸಪ್ಪಳ ಅಲ್ರಿ" ಅಂದಳು. "ಅವ್ವ ಹೊಲಿಯೂ ಮುಂದ ಆ ಸಪ್ಪಳಕ್ಕ ನಾವು ಮಲಗತಿದ್ವಿ. ಇದು ಹಲ್ಲು ಕಡಿತೈತಿ."

ಗಾಲಿಯನ್ನು ಬಿಚ್ಚಿ ಮಾಮಾನ ಕೈಗೆ ಕೊಟ್ಟಳು. ಮಷೀನಿನ ಮೇಲೆ ಹಳೇ ಸೀರೆ ಹೊದಿಸಿ ಒಳಕೋಣೆಯ ಮೂಲೆಗೆ ಸರಿಸಿದಳು. ಅಳಲಿಲ್ಲ, ಬೈಯಲಿಲ್ಲ. ಅದೇ ಮಾಮಾನಿಗೆ ತಡೆಯಲಾಗಲಿಲ್ಲ.

"ತಡಿ, ನಾನ ಮಾಡಿ ಕೊಡ್ತೇನಿ" ಅಂದ.

ನಮ್ಮ ಬಳಗದಲ್ಲಿ ಈ ಮಾತಿಗೆ ಎಲ್ಲರೂ ಹೆದರುತ್ತಾರೆ. ಅರ ಹಿಡಿದು ನಾಲ್ಕು ದಿನ ತಿಕ್ಕುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ ಅಂದುಕೊಂಡೆವು. ಮಾಮಾನ ವಿಚಾರ ಬೇರೆಯೇ ಇತ್ತು. "ಒಂದೊಂದು ಹಲ್ಲಿನ ಬೆನ್ನಿಗೂ ಒಂದು ಬಾಗು ಇರತೈತಿ. ಅದು ಕೂದಲೆಳಿ ತಪ್ಪಿದ್ರ ಸಪ್ಪಳ ಕೆಡತೈತಿ. ಮನಷ್ಯಾನ ಕೈಯಿಂದ ಆಗೂದಲ್ಲ ಅದು. ಕಂಪ್ಯೂಟರ್ ಹೇಳಬೇಕು, ಮಷೀನು ಕೊರೀಬೇಕು" ಅಂದ. ಸರಿ, ಆ ಮಷೀನು ಎಲ್ಲಿ ಸಿಗುತ್ತದೆ ಅಂತ ಕೇಳಿದೆ. "ಸಿಗೂದಿಲ್ಲ. ಮಾಡಬೇಕು."

ಅಂಗೈಯಗಲದ ಗಾಲಿ ಬೇಕು ಅಂತ, ಅದನ್ನು ಕೊರೆಯುವ ಯಂತ್ರವನ್ನೇ ಕಟ್ಟಲು ಹೊರಟ ಗಂಡಸು ಭೂಮಂಡಲದಲ್ಲಿ ಇನ್ನೊಬ್ಬ ಇದ್ದಾನೆಯೇ? ಇದ್ದಾನಂತೆ! ಇಂಟರ್ನೆಟ್ಟು ಆಗಷ್ಟೇ ಸಿಂದಗಿಗೆ ಕಾಲಿಟ್ಟಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಅಂಗಡಿಗೆ ಊರಿನವರೆಲ್ಲ ಪರೀಕ್ಷೆಯ ರಿಸಲ್ಟ್ ನೋಡಲು ಹೋದರೆ, ಮಾಮಾ ಪರದೇಶದಲ್ಲಿ ತನ್ನಂಥವರೇ ಕಟ್ಟಿದ ಯಂತ್ರಗಳ ಚಿತ್ರ ತೆಗೆಸಿಕೊಂಡು ಬರುತ್ತಿದ್ದ. "ಅವರು ಕಾರು ನಿಲ್ಲಸೂ ಕೋಣ್ಯಾಗ ಮಾಡ್ಯಾರ" ಅಂದ. ನಮ್ಮ ಮಾಮಾನ ಹತ್ತಿರ ಕಾರು ಎಲ್ಲಿಯದು? ಇದ್ದದ್ದು ಒಂದು ಆಕಳು. ಆಕಳು ಅಂಗಳಕ್ಕೆ ಬಂತು, ಯಂತ್ರ ಕೊಟ್ಟಿಗೆಗೆ ಹೋಯಿತು. ಎಷ್ಟೋ ದಿನ ಆ ಆಕಳು ಸಂಜೆಗೊಮ್ಮೆ ಕೊಟ್ಟಿಗೆಯ ಬಾಗಿಲಿಗೆ ಬಂದು, ತನ್ನ ಜಾಗದಲ್ಲಿ ನಿಂತವರು ಯಾರು ಅಂತ ಇಣುಕಿ ನೋಡಿ ಹೋಗುತ್ತಿತ್ತು.

ಯಂತ್ರದ ಅಡಿಪಾಯಕ್ಕೆ ಅಲುಗಾಡದ ಕಲ್ಲು ಬೇಕೆಂದು ಮುದ್ದೇಬಿಹಾಳದ ಕಡೆಯಿಂದ ದಪ್ಪ ಪರ್ಸಿ ಚಪ್ಪಡಿ ತರಿಸಿದ. ಗುಜರಿಗೆ ಬಿದ್ದ ಪ್ರಿಂಟರುಗಳ ಹೊಟ್ಟೆ ಬಗೆದು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಪುಟ್ಟ ಮೋಟರು ತೆಗೆದ. ಒಂದು ಮೋಟರು ಮೇಜನ್ನು ಅತ್ತಿತ್ತ ಸರಿಸಲು, ಒಂದು ಹಿಂದೆ ಮುಂದೆ ಸರಿಸಲು, ಇನ್ನೊಂದು ಕೊರೆಯುವ ಅಲಗನ್ನು ಮೇಲೆ ಕೆಳಗೆ ಮಾಡಲು. ಅಲಗನ್ನು ಗರಗರ ತಿರುಗಿಸುವ ಮೋಟರು ಮಾತ್ರ ಸಿಗಲಿಲ್ಲ. ಸಿಗಲಿಲ್ಲ ಅಂತ ಮಾಮಾ ಅಂದುಕೊಂಡಿದ್ದ ಹೊತ್ತಿಗೆ ಅಡುಗೆಮನೆಯಿಂದ ಮಿಕ್ಸರಿನ ಸದ್ದು ಕೇಳಿತು. ಅಂದಿನಿಂದ ಆ ಮನೆಯ ಚಟ್ನಿ ಒರಳಿಗೆ ಮರಳಿತು. ರುಚಿ ಹೆಚ್ಚಾಯಿತು ಅಂತ ಎಲ್ಲರಿಗಿಂತ ಮೊದಲು ಹೊಗಳಿದವನೂ ಮಾಮಾನೇ.

ಇಷ್ಟಾದರೂ ಈ ಯಂತ್ರಕ್ಕೆ ಹೇಗೆ ತಿಳಿಯುತ್ತದೆ, ಎಲ್ಲಿ ಕೊರೆಯಬೇಕು ಅಂತ? ಕೇಳಿದ್ದಕ್ಕೆ ಮಾಮಾ ಹಳೇ ಕಂಪ್ಯೂಟರಿನ ಪರದೆ ತೋರಿಸಿದ. ಸಾಲು ಸಾಲು ಅಂಕಿ, ಅಕ್ಷರ. "ಇದರ ಭಾಷಾ ಖರೇ ಅಂದ್ರ ನಮ್ಮ ಕಡಿ ಭಾಷಾನ. ದಯವಿಟ್ಟು ಇಲ್ಲ, ಕ್ಷಮಿಸಬೇಕು ಇಲ್ಲ. ಆ ಕಡಿ ಹೋಗು. ಇಳಿ. ಕೊರಿ. ಏಳು. ಇಷ್ಟ" ಅಂದ. ವ್ಯಾಕರಣ ಕಲಿಸುವ ಮನುಷ್ಯನಿಗೆ ಒಂದೂ ವಿಶೇಷಣವಿಲ್ಲದ ಭಾಷೆಯ ಮೇಲೆ ಅಷ್ಟು ಪ್ರೀತಿ ಹುಟ್ಟಿದ್ದು ನೋಡಿ ನನಗೆ ಬೆರಗಾಯಿತು.

ಗಾಲಿಯ ಹಿತ್ತಾಳೆಯನ್ನು ಕೊರೆಯುವ ಮೊದಲು ಯಾವುದರ ಮೇಲಾದರೂ ಪರೀಕ್ಷೆ ಮಾಡಬೇಕಲ್ಲ? ಪರದೇಶದವರು ಮೇಣ, ಮರ ಏನೇನೋ ಬಳಸುತ್ತಾರಂತೆ. ಮಾಮಾ ಬಳಸಿದ್ದು ಕಟಕ ರೊಟ್ಟಿ! ನಗಬೇಡಿ, ಅದರಲ್ಲೂ ಯುಕ್ತಿ ಇತ್ತು. ಜೋಳದ ಕಟಕ ರೊಟ್ಟಿಯಂಥ ಸೂಕ್ಷ್ಮ ವಸ್ತು ಇನ್ನೊಂದಿಲ್ಲ. ಯಂತ್ರ ಎಳ್ಳಷ್ಟು ನಡುಗಿದರೂ ರೊಟ್ಟಿ ಚೂರು. ರೊಟ್ಟಿ ಒಡೆಯದೆ ಹಲ್ಲು ಮೂಡಿದರೆ ಯಂತ್ರ ಹದಕ್ಕೆ ಬಂದಂತೆ. ತಿಂಗಳುಗಟ್ಟಲೆ ಬುಟ್ಟಿ ಬುಟ್ಟಿ ರೊಟ್ಟಿ ಚೂರಾದವು. ಆ ಮನೆಗೆ ಹೋದವರಿಗೆಲ್ಲ ಮೊಸರಿನಲ್ಲಿ ನೆನೆಸಿದ ರೊಟ್ಟಿ ಚೂರೇ ಗತಿ. ಕೊನೆಗೊಂದು ದಿನ ಇಡೀ ಗಾಲಿ ಮೂಡಿತು. ದುಂಡಗೆ, ಸುತ್ತಲೂ ಹಲ್ಲು ಹಲ್ಲು. ಅದನ್ನೇ ಶೇಂಗಾ ಹಿಂಡಿಯ ಜೊತೆ ತಾಟಿನಲ್ಲಿಟ್ಟು ಪಕ್ಕದ ಮನೆಯ ಅಜ್ಜನಿಗೆ ಕೊಟ್ಟರು. ಅಜ್ಜ ತಿರುಗಿಸಿ ತಿರುಗಿಸಿ ನೋಡಿದ. "ಮಾಸ್ತರ, ನನ್ನ ಬಾಯಾಗ ಒಂದೂ ಹಲ್ಲಿಲ್ಲ. ನಿಮ್ಮ ರೊಟ್ಟಿಗೆ ಇಷ್ಟ ಬಂದಾವಲ್ಲೋ" ಅಂದ.

ಖಂಡೇಪೂಜೆಯ ದಿನದ ಕಥೆ ಬೇರೆ. ಆ ಹಬ್ಬಕ್ಕೆ ಮನೆಯ ಹತಾರಗಳಿಗೆಲ್ಲ ಪೂಜೆಯಷ್ಟೆ. ಕುಡಗೋಲು, ಕೊಡಲಿಯ ಜೊತೆಗೆ ಯಂತ್ರಕ್ಕೂ ವಿಭೂತಿ, ಕುಂಕುಮ, ತಿರುಗುವ ಮೂತಿಗೆ ಭಾರವಾದ ಚೆಂಡುಹೂವಿನ ಮಾಲೆ. ಪೂಜೆ ಮಾಡಿದ ಹತಾರ ಮಾರನೆಯ ದಿನದ ತನಕ ಮುಟ್ಟಬಾರದು ಅಂತ ರೂಢಿ. ಮಾಮಾ ಮುಟ್ಟಲಿಲ್ಲ, ನಿಜ. ಆದರೆ ಹಿಂದಿನ ದಿನ ಕರೆಂಟು ಹೋದಾಗ ಮಿಕ್ಸರಿನ ಸ್ವಿಚ್ಚು ಆರಿಸುವುದನ್ನು ಮರೆತಿದ್ದ. ಮಂಗಳಾರತಿಗೂ ಕರೆಂಟು ಬರುವುದಕ್ಕೂ ಸರಿಹೋಯಿತು. ಮಾಲೆ ಒಮ್ಮೆ ಗಾಳಿಯಲ್ಲಿ ಚಕ್ರವಾಗಿ ನಿಂತಿತು, ಆಮೇಲೆ ಕೊಟ್ಟಿಗೆಯ ತುಂಬ ಪುಷ್ಪವೃಷ್ಟಿ! ಆರತಿ ಹಿಡಿದು ನಿಂತಿದ್ದ ಅತ್ತಿ ತಲೆಯ ಮೇಲಿನ ಹೂವು ಕೊಡವಿಕೊಳ್ಳುತ್ತ, "ದೇವರ ಒಪ್ಪಿಕೊಂಡ ಬಿಡ್ರಿ" ಅಂದಳು, ಅಷ್ಟೆ.

ಅತ್ತಿ ಆ ಯಂತ್ರದ ಬಗ್ಗೆ ಆಡಿದ ಮಾತು ಇಂಥವೇ ಒಂದೆರಡು. ಗಾಲಿ ಯಾವಾಗ ಆಗುತ್ತದೆ ಅಂತ ಒಮ್ಮೆಯೂ ಕೇಳಲಿಲ್ಲ. ವರ್ಷಗಳು ಉರುಳಿದವು. ಬಳಗದ ಕೂಸುಗಳು ಅಂಗಡಿಯ ಕುಂಚಿಗಿ ತೊಟ್ಟು ಬೆಳೆದವು. ಆಕೆ ಆಸೆ ಬಿಟ್ಟಿದ್ದಾಳೆ ಅಂತಲೇ ನಾವೆಲ್ಲ ತಿಳಿದೆವು. ಮಾಮಾನೂ ಹಾಗೇ ತಿಳಿದಿದ್ದ ಅಂತ ಕಾಣುತ್ತದೆ, ಆದರೂ ಕೆಲಸ ನಿಲ್ಲಿಸಲಿಲ್ಲ. ಯಂತ್ರ ಹದಕ್ಕೆ ಬಂದಿತ್ತು, ಹಿತ್ತಾಳೆಯ ತಟ್ಟೆ ತಂದಿಟ್ಟಿದ್ದ. ಉಳಿದ ವೈರಿ ಒಬ್ಬನೇ, ಕರೆಂಟು. ನಡುವೆ ಕರೆಂಟು ಹೋದರೆ ಆ ಯಂತ್ರಕ್ಕೆ ತಾನು ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದಂತೆ, ಅರ್ಧ ಕೊರೆದ ಗಾಲಿ ಹಾಳು. ಹಿತ್ತಾಳೆಯನ್ನು ಈರುಳ್ಳಿ ಸಿಪ್ಪೆಯಷ್ಟೇ ತೆಳ್ಳಗೆ ಕೊರೆಯಬೇಕು, ಅದಕ್ಕೆ ಇಡೀ ದಿನ ಬೇಕು. ನಮ್ಮ ಕಡೆ ಇಡೀ ದಿನ ಕರೆಂಟು ಇರುವುದು ಅಂದರೇನು ಹುಡುಗಾಟವೇ?

ಆ ಹೊತ್ತಿಗೆ ನಾನು ಬಸುರಿ. ಬಯಕೆ ಊಟಕ್ಕೆ ಬಾ ಅಂತ ಮಾಮಾನ ಮನೆಯಿಂದ ಕರೆ ಬಂತು. ಹೋದರೆ ಮಾಮಾನ ಮುಖದಲ್ಲಿ ಹಬ್ಬ. "ನಾಳೆ ನಮ್ಮ ಸಾಲಿ ಮೈದಾನಕ್ಕ ಮಂತ್ರಿ ಬರ್ತಾನ" ಅಂದ. ಮಾಮಾನಿಗೆ ರಾಜಕೀಯ ಯಾವಾಗಿನಿಂದ ಹಿಡಿಸಿತು ಅಂತ ಅಚ್ಚರಿಪಟ್ಟೆ. "ಮಂತ್ರಿ ಊರಾಗ ಇರೂತನಕಾ ಕರೆಂಟ್ ತಗಿಯೂದಿಲ್ಲವಾ" ಅಂದ.

ಶಾಲೆಯ ಹಿಂದೆಯೇ ಮಾಮಾನ ಮನೆ. ಬೆಳಿಗ್ಗೆ ಯಂತ್ರ ಶುರುವಾಯಿತು. ಮಾಮಾ ಮೈಯಲ್ಲಿ ಆರಾಮಿಲ್ಲ ಅಂತ ರಜೆ ಹಾಕಿದ್ದ. ಆದರೆ ಕನ್ನಡ ಮಾಸ್ತರನಲ್ಲವೇ, ಸ್ವಾಗತ ಭಾಷಣ ಬರೆದುಕೊಡುವ ಕೆಲಸ ತಪ್ಪಿರಲಿಲ್ಲ. ಬಹಳ ಸಂತೋಷದಿಂದ ಬರೆದುಕೊಟ್ಟಿದ್ದ, ಬಹಳ ಉದ್ದ ಬರೆದುಕೊಟ್ಟಿದ್ದ. ಡ್ರಿಲ್ ಮಾಸ್ತರರು ಆ ಹಳಗನ್ನಡದ ಸಮಾಸಗಳನ್ನು ಹತ್ತಿ ಇಳಿಯುತ್ತ ಏದುಸಿರು ಬಿಡುವುದು ಧ್ವನಿವರ್ಧಕದಲ್ಲಿ ನಮಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನನಗೆ ಹೋಳಿಗೆ ಬಡಿಸಿದ ಅತ್ತಿ ಇಳಕಲ್ ಸೀರೆ ಉಟ್ಟು ಬಂದು, "ನಾ ಭಾಷಣ ಕೇಳಾಕ ಹೋಗ್ತೇನಿ" ಅಂದಳು. ಮಾಮಾ ತಲೆ ಎತ್ತಲಿಲ್ಲ. ಇಂಥ ದಿನ ಆಕೆ ಹೊರಟುಹೋದದ್ದು ಅವನ ಮನಸ್ಸಿಗೆ ತಾಗಿತು. ನನಗೂ ಬೇಸರವಾಯಿತು.

ನಾನು ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಏನು ಹೇಳಲಿ! ಯಾರೂ ಮುಟ್ಟುತ್ತಿರಲಿಲ್ಲ. ಮೇಜು ತಾನೇ ಸರಿಯುತ್ತಿತ್ತು, ಅಲಗು ತಾನೇ ಇಳಿದು ಹಿತ್ತಾಳೆಯ ಬಂಗಾರದ ಪುಡಿ ಉದುರಿಸಿ ತಾನೇ ಏಳುತ್ತಿತ್ತು. ಪ್ರಿಂಟರಿನ ಹೊಟ್ಟೆಯ ಮೋಟರು, ಅತ್ತಿಯ ಮಿಕ್ಸರು, ಮುದ್ದೇಬಿಹಾಳದ ಕಲ್ಲು ಎಲ್ಲವೂ ಸೇರಿ ಒಂದೇ ಜೀವದ ಹಾಗೆ ಕೆಲಸ ಮಾಡುತ್ತಿದ್ದವು. ಇಷ್ಟು ವರ್ಷ ನಗೆಯಾಡಿದ ಮನುಷ್ಯನನ್ನು ನೋಡಿ ಕೈಮುಗಿಯಬೇಕು ಅನಿಸಿತು.

ಸಂಜೆಯ ಹೊತ್ತಿಗೆ ಕೆಲವು ಹಲ್ಲು ಮಾತ್ರ ಉಳಿದಿದ್ದವು. ಆಗ ಧ್ವನಿವರ್ಧಕದಲ್ಲಿ ಮಂತ್ರಿಗಳು, "ನನಗೆ ಬಾಗೇವಾಡಿಯಲ್ಲಿ ಇನ್ನೊಂದು ಕಾರ್ಯಕ್ರಮ ಇರುವುದರಿಂದ ಎರಡು ಮಾತು ಹೇಳಿ ಮುಗಿಸುತ್ತೇನೆ" ಅಂದರು. ಮಾಮಾನ ಮುಖ ಬಿಳಿಚಿತು. ಮಂತ್ರಿಯ ಭಾಷಣ ಇನ್ನಷ್ಟು ಉದ್ದವಾಗಲಿ ಅಂತ ದೇವರನ್ನು ಬೇಡಿಕೊಂಡ ಮನೆ ಈ ದೇಶದಲ್ಲಿ ಅದೊಂದೇ ಇರಬೇಕು. ಚಪ್ಪಾಳೆಯೂ ಆಗಿಹೋಯಿತು. ಅಷ್ಟರಲ್ಲಿ ಮೈಕಿನಲ್ಲಿ ಒಂದು ಹೆಣ್ಣುದನಿ.

"ಸಾಹೇಬ್ರ, ತಡೀರಿ. ಹೆಣ್ಣುಮಕ್ಕಳದು ಸ್ವಲ್ಪ ಮಾತೈತಿ."

ಮಾಮಾ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಅತ್ತಿ! ಜೀವಮಾನದಲ್ಲಿ ಮೈಕು ಹಿಡಿಯದವಳು ನಳದ ನೀರಿನಿಂದ ಶುರು ಮಾಡಿದಳು. ಅಲ್ಲಿಂದ ಗಟಾರಕ್ಕೆ ಬಂದಳು. ಗಟಾರದಿಂದ ಚಿಮಣಿ ಎಣ್ಣೆಗೆ, ಚಿಮಣಿ ಎಣ್ಣೆಯಿಂದ ಹೆಣ್ಣುಮಕ್ಕಳ ಶಾಲೆಯ ಕಂಪೌಂಡಿಗೆ. ಮಂತ್ರಿಗಳು "ಆಯ್ತಮ್ಮ, ನೋಡೋಣ" ಅಂದಷ್ಟೂ "ನೋಡೂದಲ್ಲರಿ, ಹೇಳಿ ಹೋಗ್ರಿ" ಅನ್ನುತ್ತಿದ್ದಳು. ಕೊನೆಗೆ ಹೇಳುವುದು ಮುಗಿದು, ಕನ್ನೊಳ್ಳಿಗೆ ಸಂಜೆಗೊಂದು ಬಸ್ಸು ಬೇಕು ಅಂದಳು. ಕನ್ನೊಳ್ಳಿಯಲ್ಲಿ ನಮ್ಮವರು ಯಾರೂ ಇಲ್ಲ! ಮಂತ್ರಿಗಳು ಬಿಟ್ಟರೆ ಸಾಕೆಂದು ಅಲ್ಲೇ ಒಪ್ಪಿದರು. ಬಸ್ಸು ನಿಜಕ್ಕೂ ಬಂತು. ಅದಕ್ಕೂ ಒಂದು ಹಲ್ಲುಗಾಲಿಗೂ ಇರುವ ಸಂಬಂಧ ಅದರಲ್ಲಿ ಓಡಾಡುವ ಯಾರಿಗೂ ಗೊತ್ತಿಲ್ಲ.

ಕೊನೆಯ ಹಲ್ಲು ಕೊರೆದು ಅಲಗು ಮೇಲೆದ್ದಿತು. ಮಂತ್ರಿಗಳ ಕಾರು ಮನೆಯ ಮುಂದೆ ಹಾದುಹೋಯಿತು. ಅದರ ಧೂಳು ಇಳಿಯುವ ಮೊದಲೇ ಕರೆಂಟು ಹೋಯಿತು.

ಅತ್ತಿ ಬಂದು ಕಾಲು ತೊಳೆದುಕೊಂಡಳು. ಗಾಲಿಯ ಅಂಚಿಗೆ ಒಮ್ಮೆ ಬೆರಳಾಡಿಸಿದಳು. ಮಾಮಾ ಎಣ್ಣೆಯ ಡಬ್ಬಿ, ಚಿಂದಿ ಬಟ್ಟೆ ಹಿಡಿದು ಒಳಕೋಣೆಗೆ ನಡೆದ. "ಮೊದಲ ಜಂಗು ಬಿಡಸಬೇಕು, ಎಷ್ಟ ವರ್ಷ ಆತು" ಅನ್ನುತ್ತ ಮಷೀನಿನ ಮೇಲಿನ ಸೀರೆ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು.

ತುಕ್ಕು ಇರಲಿಲ್ಲ. ಧೂಳಿನ ಕಣವೂ ಇರಲಿಲ್ಲ. ಮಷೀನು ಎಣ್ಣೆಯುಂಡು ಕರ್ರಗೆ ಮಿನುಗುತ್ತಿತ್ತು. ಸೂಜಿಯಲ್ಲಿ ಹಸಿರು ದಾರ ಪೋಣಿಸಿತ್ತು.

"ಇದಕ್ಕ ಎಣ್ಣಿ ಯಾರು ಹಾಕಿದ್ರು?"

"ಯಾರ ಹಾಕ್ತಾರ? ಅಮಾಸಿಗೊಮ್ಮೆ ನಾನ ಹಾಕತಿದ್ದೆ" ಅಂದಳು ಅತ್ತಿ. "ಗಾಲಿ ಬಂದ ದಿವಸ ಮಷೀನು ಜಂಗು ಹಿಡದು ಕುಂತಿದ್ರ ನಿಮ್ಮ ಕೆಲಸಾ ನೀರಾಗ ಹೋಮ ಮಾಡಿದಾಂಗ ಆಗತಿತ್ತಲ್ಲ. ನೀವು ಮಾಡ್ತೀರಿ ಅಂತ ಗೊತ್ತಿತ್ತು. ಯಾವಾಗ ಅಂತ ಗೊತ್ತಿರಲಿಲ್ಲ, ಅಷ್ಟ."

ಮಾಮಾ ಎಣ್ಣೆಯ ಡಬ್ಬಿ ಕೆಳಗಿಟ್ಟ. ಗಾಲಿ ಕೂಡಿಸಿದ. ಅತ್ತಿ ನೆಲಕ್ಕೆ ಕೂತು ಹಿಡಿಕೆ ತಿರುವಿದಳು. ಕಟಕಟ ಇಲ್ಲ, ಕಿರಕಿರ ಇಲ್ಲ. ಮಾಡಿನಲ್ಲಿ ಪಾರಿವಾಳ ಗುಟುರು ಹಾಕಿದ ಹಾಗೆ ಮೆಲ್ಲನೆಯ ಸದ್ದು. ಲೋಕದ ಜನರೇಟರುಗಳಿಗೆಲ್ಲ ಕಿವಿ ಕೊಟ್ಟ ಮಾಮಾ ಈ ಸಲ ಮಷೀನಿನ ಕಡೆ ನೋಡಲೇ ಇಲ್ಲ, ಅತ್ತಿಯ ಮುಖವನ್ನೇ ನೋಡುತ್ತಿದ್ದ. ಅತ್ತಿ ಕಣ್ಣು ಮುಚ್ಚಿದ್ದಳು.

"ಅವ್ವ ಹೊಲಿಯಾಕತ್ತಾಳ" ಅಂದಳು.

ಆಮೇಲೆ ಎದ್ದು ಟ್ರಂಕು ತೆಗೆದು, ಮಡಿಚಿಟ್ಟ ಖಣದ ಬಟ್ಟೆಯೊಂದನ್ನು ತಂದಳು. ನನ್ನ ಮಗಳು ತೊಟ್ಟು ಬೆಳೆದ ಕುಂಚಿಗಿ ಹಸಿರು ಬಣ್ಣದ್ದು, ಅದಕ್ಕೆ ಸೂಜಿಯಲ್ಲಿ ಕಾದುಕೊಂಡಿದ್ದ ಆ ದಾರವನ್ನು ಬದಲಿಸುವ ಕೆಲಸವೇ ಬೀಳಲಿಲ್ಲ.