ಶಾಂತಲಿಂಗಪ್ಪನ ಪ್ಯಾನ್‌ಕೇಕು, ಮಲ್ಕಮ್ಮನ ಕೈಗುಣ

ಅನ್ಯಾಯಕ್ಕೂ ಒಂದು ಮಿತಿ ಬೇಡವೇ ಎಂಬುದು ಶಾಂತಲಿಂಗಪ್ಪನ ಪ್ರಶ್ನೆ. ಆಳಂದದಲ್ಲಿ ಪೇಂಟಿನ ಅಂಗಡಿ ಇಟ್ಟು, ಊರಿನ ಅರ್ಧ ಗೋಡೆಗಳಿಗೆ ಬಣ್ಣ ಕಲಸಿಕೊಟ್ಟ ಮನುಷ್ಯನಿಗೆ ಒಂದು ಬೋಗುಣಿ ಹಿಟ್ಟು ಕಲಸಲು ಬರುವುದಿಲ್ಲವೇ?

"ಬರೂದಿಲ್ಲ" ಎಂದಿದ್ದಳು ಹೆಂಡತಿ ಮಲ್ಕಮ್ಮ. ಮಗಳು ಸೃಷ್ಟಿ ಮೊಬೈಲಿನಲ್ಲಿ ನೋಡಿ ಪ್ಯಾನ್‌ಕೇಕ್ ಬೇಕೆಂದು ಹಟ ಹಿಡಿದಾಗ, ಅಪ್ಪ ತಾನು ಮಾಡುತ್ತೇನೆಂದ. ಅದಕ್ಕೆ ಈ ಉತ್ತರ. "ಚಹಾ ಕಾಸ್ರಿ ಅಂದ್ರ ಗ್ಯಾಸ್ ಹ್ಯಾಂಗ ಹಚ್ಚೂದು ಅಂತ ಕೇಳ್ತೀರಿ!"

ಭಾನುವಾರ ಬೆಳಿಗ್ಗೆ ಶಾಂತಲಿಂಗಪ್ಪ ಸೊಂಟಕ್ಕೆ ಟವೆಲ್ ಬಿಗಿದು, ಪಾಕಶಾಲಾ ಪ್ರವೇಶ ಮಾಡಿ, ಹೆಂಡತಿಯನ್ನು ಹೊರಗೆ ಕಳಿಸಿ ಅಗಳಿ ಜಡಿದ.

ಮೈದಾ, ಹಾಲು, ಚಿಟಿಕೆ ಸೋಡಾ. ಹಿಟ್ಟಿನ ಹದದ ಬಗ್ಗೆ ಮೊಬೈಲಿನ ವಿಡಿಯೋದ ಹೆಣ್ಣುಮಗಳು ಹೇಳಿದ್ದು ಅವನಿಗೆ ತಿಳಿಯಲಿಲ್ಲ. ಎರಡನೇ ಕೋಟ್ ಪೇಂಟಿನಷ್ಟಿರಲಿ ಎಂದು ತಾನೇ ತೀರ್ಮಾನಿಸಿದ. (ಬ್ರಷ್ಷಿನಿಂದ ಬಳಿಯಲಿಲ್ಲ, ಅದೇ ಪುಣ್ಯ.) ಮೊದಲಿನದು ತವೆಯನ್ನು ಬಿಟ್ಟು ಏಳಲಿಲ್ಲ. ಮುಂದಿನದು ಟಾರಿನಂತಾಯಿತು. ಆಮೇಲಿನದು ಮಾತ್ರ ದುಂಡಗೆ, ಹೊಂಬಣ್ಣದಲ್ಲಿ ಉಬ್ಬಿ ನಿಂತಾಗ ಅವನಿಗೆ ಕುಣಿಯುವಂತಾಯಿತು. ಮತ್ತೆ ಕೈ ತಡೆಯಲಿಲ್ಲ. ಬೆಲ್ಲದ ಪಾಕ ಕಾಸಿ ಏಲಕ್ಕಿ ಉದುರಿಸಿದ, ಬಾಳೆಹಣ್ಣಿನ ಬಿಲ್ಲೆಗಳನ್ನು ತುಪ್ಪದಲ್ಲಿ ಬಾಡಿಸಿದ, ಮೇಲೆ ಹಾಕಲು ಹುರಿದ ಶೇಂಗಾ ಕುಟ್ಟಿ, ಕೆನೆಯನ್ನೂ ಕಡೆದಿಟ್ಟ.

ತಾಟು ಹಾಕುವ ಹೊತ್ತಿಗೆ ಸರಿಯಾಗಿ ಸರಸಂಬಾದಿಂದ ಅತ್ತೆ, ಅಂದರೆ ಮಲ್ಕಮ್ಮನ ತಾಯಿ, ಸುಮಿತ್ರಾಬಾಯಿ ಬಂದಿಳಿದರು. ಒಂದು ತುತ್ತು ಬಾಯಿಗಿಟ್ಟವರೇ ಕಣ್ಣು ಮುಚ್ಚಿದರು.

"ಮಲ್ಕವ್ವಾ, ಏನ್ ಕೈಗುಣಬೇ ನಿಂದು! ಇಂಥಾ ದ್ವಾಸಿ ನಾ ಎಲ್ಲೂ ತಿಂದಿಲ್ಲ."

"ಅದು ದ್ವಾಸಿ ಅಲ್ರಿ ಅತ್ತಿ, ಪ್ಯಾನ್‌ಕೇಕ್! ಮಾಡಿದಾಂವ ನಾನು!"

"ಮಾಡಿರಿ, ಮಾಡಿರಿ" ಎಂದು ಅತ್ತೆ ಮಗುವನ್ನು ರಮಿಸುವಂತೆ ನಕ್ಕರು.

ಮಲ್ಕಮ್ಮ ಸುಳ್ಳು ಹೇಳುವ ಹೆಂಗಸಲ್ಲ. "ಖರೇನ ಅವರೇ ಮಾಡ್ಯಾರವ್ವಾ. ನನಗ ಒಳಗೂ ಬಿಟ್ಟಿಲ್ಲ."

ಸುಮಿತ್ರಾಬಾಯಿಯ ಕಣ್ಣು ತುಂಬಿತು. "ನೋಡ್ರಿ ಅಳಿಯಂದ್ರ! ತಾ ಬೆವರು ಸುರಿಸಿ ಮಾಡಿದ್ದು ಗಂಡನ ಹೆಸರಿಗೆ ಹಚ್ಚಾಕತ್ತಾಳ. ಇಂಥಾಕಿ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕು."

"ಸೃಷ್ಟೀ, ನೀನರ ಹೇಳಬೇ!"

ಸೃಷ್ಟಿಯ ಬಾಯಿ ತುಂಬ ಬಾಳೆಹಣ್ಣು. ಎರಡೂ ಪಕ್ಷದವರು ತಮ್ಮದೆನ್ನಬಹುದಾದ ರೀತಿಯಲ್ಲಿ ತಲೆಯಾಡಿಸಿದಳು.

ಶಾಂತಲಿಂಗಪ್ಪನ ಮೈ ಉರಿದುಹೋಯಿತು. "ಏಳ್ರಿ! ನಿಮ್ಮ ಕಣ್ಮುಂದ ಮಾಡಿ ತೋರಸ್ತೇನಿ!"

ಅತ್ತೆಯನ್ನು ಒಲೆಯ ಪಕ್ಕ ನಿಲ್ಲಿಸಿ ಹಿಟ್ಟು ಹೊಯ್ದ. ಸಿಟ್ಟಿನಲ್ಲಿ ಉರಿ ಜೋರಾಗಿತ್ತು, ಹಿಟ್ಟು ನಿಂತು ಗಟ್ಟಿಯಾಗಿತ್ತು. ಮೊಬೈಲಿನ ಹೆಣ್ಣುಮಗಳು ತವೆಯನ್ನೇ ಎತ್ತಿ ಪ್ಯಾನ್‌ಕೇಕನ್ನು ಗಾಳಿಯಲ್ಲಿ ಹೊರಳಿಸಿದ್ದಳು. ತಾನೂ ಹಾಗೇ ಎತ್ತಿ ಜಾಡಿಸಿದ. ಅರ್ಧ ಒಲೆಗೆ ಬಿತ್ತು. ಉಳಿದರ್ಧ ಅತ್ತೆಯ ಇಳಕಲ್ ಸೀರೆಯ ನೆರಿಗೆಯಲ್ಲಿ ವಿರಾಜಮಾನವಾಯಿತು.

"ಸರೀರಿ ಅತ್ತಾಗ" ಎಂದು ಮಲ್ಕಮ್ಮ ಸೌಟು ಕಸಿದಳು. ಉರಿ ತಗ್ಗಿಸಿ, ಚೂರು ಹಾಲು ಬೆರೆಸಿ ಹೊಯ್ದಳು. ಜೀವಮಾನದಲ್ಲಿ ಅವಳು ಮಾಡಿದ ಮೊದಲ ಪ್ಯಾನ್‌ಕೇಕು. ಹುಣ್ಣಿಮೆಯ ಚಂದ್ರನಂತೆ ಎದ್ದಿತು.

"ನಾ ಏನಂದೆ?" ಎಂದ ಸುಮಿತ್ರಾಬಾಯಿ, ಅಷ್ಟಕ್ಕೇ ನಿಲ್ಲದೆ, ಮಗಳ ಕೈಗೆ ದೃಷ್ಟಿಯಾದೀತೆಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಅಳಿಯನ ಕೈಗೆ ಕೊಟ್ಟರು. "ಓಣಿ ಕೊನಿಗೆ ಚೆಲ್ಲಿ ಬರ್ರಿ."

ಓಣಿಯ ಕೊನೆಯಲ್ಲಿ ನೆರೆಮನೆಯ ಕರೀಮಸಾಬ ನಿಂತಿದ್ದ. "ಏನ್ರಿ ಶಾಂತಲಿಂಗಪ್ಪ, ಮುಂಜಾನಿಂದ ಮಸ್ತ್ ಖುಷ್ಬೂ ಬರಾಕತ್ತದ. ಯಾರು ಮಾಡ್ಯಾರ್ರಿ?"

ಶಾಂತಲಿಂಗಪ್ಪ ಉತ್ತರಿಸಲು ಬಾಯಿ ತೆರೆದ. ಮುಷ್ಟಿಯಲ್ಲಿದ್ದ ಮೆಣಸಿನಕಾಯಿಗಳನ್ನು ನೋಡಿದ. ಬಾಯಿ ಮುಚ್ಚಿ, ಮತ್ತೆ ತೆರೆದ.

"ಮಲ್ಕಮ್ಮ ಮಾಡ್ಯಾಳಂತ್ರಿ. ನಾ ಇನ್ನಾ ತಿಂದಿಲ್ಲ."